ಹೆಸರಿಲ್ಲದ ಹಾಜರಿ

ಭಾನುವಾರ ಬಂತೆಂದರೆ ಬಾಳೂರಿನಿಂದ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಸಂಶೋಧನಾ ವಿಧಾನ ಕಲಿಯಲು ಹೋಗುತ್ತಿದ್ದೆ. ಎಂ.ಎಡ್. ಪದವಿಯ ಆಸೆ ನನಗೇನೂ ಇರಲಿಲ್ಲ. ನಾನೊಬ್ಬಳೇ ಟೀಚರಾಗಿದ್ದ, ಕಾಫಿ ಎಸ್ಟೇಟಿನ ಪಕ್ಕದ ಶಾಲೆಯನ್ನು ಮಕ್ಕಳು ಕಡಿಮೆ ಎಂದು ಮುಚ್ಚುವ ಮಾತು ನಡೆದಿತ್ತು. ಬಾಯಿಮಾತಿಗೆ ಬೆಲೆಯಿಲ್ಲ, ಅಧ್ಯಯನ ಮಾಡಿ ತೋರಿಸಿದರೆ ಇಲಾಖೆಯವರು ಕೇಳಿಯಾರು ಅಂದುಕೊಂಡಿದ್ದೆ. ನನ್ನ ತಲೆ.

ಅಲ್ಲಿನ ಮೇಷ್ಟ್ರು, ಮಾದರಿ ಆರಿಸುವುದು, ಪ್ರಶ್ನಾವಳಿ ಮಾಡುವುದು ಎಲ್ಲ ಕಲಿಸಿದರು. ಒಂದು ನಿಯಮವನ್ನಂತೂ ತಲೆಗೆ ಬಡಿದು ಕೂರಿಸಿದರು: ಉತ್ತರ ಕೊಟ್ಟವರ ಹೆಸರು ಎಲ್ಲೂ ಬರಬಾರದು. ಹೆಸರಿಲ್ಲದಿದ್ದರೆ ಜನ ಹೆದರದೆ ಮಾತಾಡುತ್ತಾರಂತೆ.

ಒಂದು ಸಂಜೆ ಎಸ್ಟೇಟಿನ ಆಳುಗಳಿರುವ ಕೂಲಿಲೈನಿಗೆ ಹೋಗಿ, ನನ್ನ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿಯ ಎದುರು ಕೂತೆ. ಹೆದರಿಕೆ ಎಲ್ಲಿ ಬಂತು, ಮನಸ್ಸು ಬಿಚ್ಚಿ ಹೇಳಿದಳು. ಇನ್ನೊಂದು ಶಾಲೆ ಇರುವುದು ಆನೆ ತಿರುಗುವ ದಾರಿಯಾಚೆ. ಇದನ್ನು ಮುಚ್ಚಿದರೆ ಮಗಳ ಓದು ಅಲ್ಲಿಗೇ ಮುಗಿಯಿತು. ಕೊನೆಗೆ, "ನನ್ನ ಹೆಸರು ಬರ್ಕೊಳ್ಳಿ" ಅಂದಳು. ಹೆಸರು ಬರೆಯುವುದಿಲ್ಲ, ಭಯ ಬೇಡ ಅಂದೆ. ಅವಳ ಮುಖ ಇಳಿಯಿತು.

"ಅದೆಂತ ಟೀಚರೆ? ಬೆಳಿಗ್ಗೆ ಹಾಜರಿಗೆ ತೋಟದ ರೈಟ್ರು ಹೆಸ್ರು ಬರೀಲಿಲ್ಲ ಅಂದ್ರೆ, ಇಡೀ ದಿನ ಹಣ್ಣು ಕುಯ್ದ್ರೂ ನಾನು ಬಂದೇ ಇಲ್ಲ ಅಂತ ಲೆಕ್ಕ. ನೀವೂ ಹಂಗೇ ಮಾಡ್ತೀರಾ?"

ಬಿಡಿಸಿ ಹೇಳಿದೆ. ತಲೆಯಾಡಿಸಿದಳು, ನಂಬಲಿಲ್ಲ. ನನ್ನ ಪ್ರಬಂಧದಲ್ಲಿ ಅವಳು 'ತಾಯಿ ಮೂರು' ಆದಳು.

ಮೇಷ್ಟ್ರು ಮೆಚ್ಚಿಕೊಂಡರು. ಒಂದು ಪ್ರತಿಯನ್ನು ನಾನೇ ಇಲಾಖೆಯ ಕಚೇರಿಗೆ ಒಯ್ದೆ. ಅಲ್ಲಿನ ಸಾಹೇಬರು ಹಾಳೆ ಮಗುಚಿ ನೋಡಿ ಕೇಳಿದರು, "ತಾಯಿ ಮೂರು ಅಂದ್ರೆ ಯಾರಮ್ಮ? ಹೆಸರಿಲ್ಲ, ಸಹಿ ಇಲ್ಲ. ಇದನ್ನ ಜನರ ಬೇಡಿಕೆ ಅಂತ ಹೆಂಗೆ ತಗೊಳ್ಳೋದು?"

ಹೆಸರಿದ್ದಿದ್ದರೆ ಉಳಿಸುತ್ತಿದ್ದರೇ? ಮಣ್ಣು. ಮುಚ್ಚುವುದೆಂದು ಮೊದಲೇ ತೀರ್ಮಾನವಾಗಿತ್ತು. ಆದರೂ ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ಶಾಲೆಗೆ ಬೀಗ. ನನ್ನನ್ನು ವಸ್ತಾರೆಯ ಕಡೆಯ ಶಾಲೆಗೆ ಹಾಕಿದ್ದಾರೆ. ಮೊನ್ನೆ ಬಾಳೂರಿಗೆ ಹೋದಾಗ ತೋಟದಲ್ಲಿ ಅವಳು ಕಂಡಳು. ಶಾಲೆಯ ಹೊತ್ತು. ಮಗಳು ಹಿಂದೆಯೇ ಕೂತು, ಉದುರಿದ ಕಾಫಿ ಹಣ್ಣು ಹೆಕ್ಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತು "ನಮಸ್ತೆ ಟೀಚರ್" ಅಂದಳು, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೇ. ನನಗೆ ಅಳು ತಡೆಯಲಾಗಲಿಲ್ಲ.

ಇದನ್ನೆಲ್ಲ ಬರೆಯುತ್ತೇನೆ, ಈ ಸಲ ನಿನ್ನ ಹೆಸರು ಹಾಕಲಾ ಎಂದು ತಾಯಿಯನ್ನು ಕೇಳಿದೆ.

"ಇನ್ನೆಂತಕ್ಕೆ ಟೀಚರೆ," ಅಂದಳು. "ಬೇಡ ಬಿಡಿ."