ಕರೆನ್ ಹೆಸರಿಗೆ ನಾಲ್ಕು ಕೀಲಿ

ಥಾಯ್ಲೆಂಡ್-ಬರ್ಮಾ ಗಡಿಯ ಮೇಸೊಟ್ ಊರಾಚೆಯ ಸಣ್ಣ ಆಸ್ಪತ್ರೆಯಲ್ಲಿ ಹುಟ್ಟು-ಸಾವಿನ ಚೀಟಿ ಬರೆಯುವ ಕೆಲಸ ನೋ ಮೂಪೊಳದು. ಗಂಡ ಸೊ ತಾಬ್ಲೇ ಜ್ವರ ಬಂದು ತೀರಿಕೊಂಡು ಐದು ವಾರವಾಗಿತ್ತು. ಅವಳು ಒಂದು ದಿನವೂ ರಜೆ ಹಾಕಿರಲಿಲ್ಲ. ಅತ್ತಿರಲೂ ಇಲ್ಲ. ಬೆಳಿಗ್ಗೆ ಬರುತ್ತಿದ್ದಳು, ಕೂರುತ್ತಿದ್ದಳು, ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು.

ಆ ಸೋಮವಾರ ಬೆಟ್ಟದ ಹಳ್ಳಿಯ, ಅವಳಂತೆಯೇ ಕರೆನ್ ಜನಾಂಗದ ಬಾಣಂತಿಯೊಬ್ಬಳು ಮಗುವಿನ ಹುಟ್ಟಿನ ಚೀಟಿಯನ್ನು ಮೇಜಿನ ಮೇಲೆ ವಾಪಸ್ ಇಟ್ಟಳು.

"ಅಕ್ಕಾ, ಇದು ನನ್ ಮಗಳ ಹೆಸರಲ್ಲ. ಬರ್ಮೀ ಅಕ್ಷರದಲ್ಲಿ ಹೇಗ್ಹೇಗೋ ಬರ್ದಿದೀರಿ. ಇದನ್ನ ಓದಿ ಕರೆದ್ರೆ ಇನ್ಯಾರದೋ ಮಗು ಓಡ್ಬರುತ್ತೆ."

"ಕರೆನ್ ಅಕ್ಷರ ಈ ಕಂಪ್ಯೂಟರಿನಲ್ಲಿಲ್ಲಮ್ಮ."

"ಇಲ್ದಿದ್ರೆ ಹಾಕಿ. ನಾ ಶುಕ್ರವಾರ ಬರ್ತೀನಿ."

ಪಕ್ಕದ ಮೇಜಿನಲ್ಲಿ ಔಷಧಿಯ ಲೆಕ್ಕ ಬರೆದುಕೊಳ್ಳುತ್ತಿದ್ದ ಸಹೋದ್ಯೋಗಿ ಕೊ ಸೇನ್ ನಕ್ಕ. "ಹಾಕಮ್ಮ, ಹಾಕು. ಅಪ್ಪಣೆ ಆಗ್ಬಿಟ್ಟಿದೆ."

ಆಸ್ಪತ್ರೆಯ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಇತ್ತು; ಅದರ ಕಡತಗಳನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಥಾಯ್, ಬರ್ಮೀ ಕೀಲಿಮಣೆಗಳು ಪಟ್ಟಿಯಲ್ಲಿದ್ದವು. ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಕರೆನ್ ಲಿಪಿ ಬಹುಪಾಲು ಬರ್ಮೀಯದೇ; ಹೆಚ್ಚಿಗೆ ಬೇಕಾದದ್ದು ಮುಖ್ಯವಾಗಿ ನಾಲ್ಕು: ಒಂದು ವ್ಯಂಜನ, ಒಂದು ಸ್ವರ, ದನಿಯ ಏರಿಳಿತ ತೋರಿಸುವ ಎರಡು ಗುರುತು. ಮೂಪೊ ಬರ್ಮೀ ಕೀಲಿಮಣೆಯ ಕಡತವನ್ನು ನಕಲು ಮಾಡಿ, ಯಾವ ಕೀಲಿಗೆ ಯಾವ ಅಕ್ಷರ ಎಂದು ಸಾಲುಸಾಲಾಗಿ ತಿದ್ದಿದಳು. ಪಟ್ಟಿಯಲ್ಲಿ ಹೊಸ ಹೆಸರು ಕಾಣಿಸಲಿಲ್ಲ. ಒಂದು ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟುಬಿಟ್ಟಿದ್ದಳು. ಸರಿಪಡಿಸಿದಳು. ಆಗ ಕಾಣಿಸಿತು, ಆದರೆ ಚೀಟಿಯ ತಂತ್ರಾಂಶದಲ್ಲಿ ಒತ್ತಿದರೆ ಬರ್ಮೀಯೇ ಬಂತು. ಲಾಗ್ ಔಟ್ ಆಗಿ ಮತ್ತೆ ಒಳಗೆ ಬಂದ ಮೇಲೆ, ಗುರುವಾರ ಮಧ್ಯಾಹ್ನ, ಗುರುತುಗಳು ಅಕ್ಷರದ ಪಕ್ಕ ಬಂದು ಕೂತವು.

"ಬಂತಾ?" ಎಂದ ಕೊ ಸೇನ್.

"ಬಂತು."

"ಸ್ವಲ್ಪನಾದ್ರೂ ನಗಬಾರ್ದಾ ತಾಯಿ?"

ಅವಳು ತುಟಿ ಅಗಲಿಸಿದಳು.

ಶುಕ್ರವಾರ ಬಾಣಂತಿ ಹೊಸ ಚೀಟಿಯನ್ನು ಮಗುವಿನ ಕಿವಿಯ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದಳು, ಎರಡು ಸಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಹೋದ ಮೇಲೆ ಕೊ ಸೇನ್ ದನಿ ತಗ್ಗಿಸಿದ. "ತಾಬ್ಲೇ ಅವರ ಚೀಟೀನೂ ಹಾಗೇ ಇದೆಯಲ್ಲ?"

ಐದು ವಾರದ ಹಿಂದೆ ಆ ಸಾವಿನ ಚೀಟಿಯನ್ನು ಬರ್ಮೀಯಲ್ಲಿ ಬರೆದವಳು ಮೂಪೊಳೇ. ಈಗ ತೆರೆದು ಗಂಡನ ಹೆಸರನ್ನು ಕರೆನ್‌ನಲ್ಲಿ ಸರಿಯಾಗಿ ಒತ್ತಿದಳು, ಅಚ್ಚು ತೆಗೆದಳು, ಓದಿದಳು. ತನ್ನೊಳಗೆ ಏನಾದರೂ ಆಗುತ್ತದೇನೋ ಎಂದು ಕಾದಳು. ಆಗಲಿಲ್ಲ. ಕಡತಕ್ಕೆ ಸೇರಿಸಿ, ಊಟದ ಡಬ್ಬಿ ತೆರೆದಳು. ಅನ್ನ, ಮೀನಿನ ಚಟ್ನಿ. ಉಪ್ಪು ಜಾಸ್ತಿಯೋ ಕಡಿಮೆಯೋ ತಿಳಿಯಲಿಲ್ಲ. ಪೂರ್ತಿ ತಿಂದಳು.