ಉಗುರಿನಷ್ಟು ಡ್ರೈವಿನಲ್ಲಿ ಹದಿನಾರು ಟಿಬಿ

ಗುಬ್ಬಿಯಲ್ಲಿರುವ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಯಾರು ಏನು ಹೇಳಿದರೂ ನಂಬುತ್ತಾರೆ, ನಾನು ಹೇಳಿದ್ದನ್ನು ಬಿಟ್ಟು. ಬಟವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಇಷ್ಟು ವರ್ಷವಾದರೂ ಅವರ ಪಾಲಿಗೆ ನಾನಿನ್ನೂ ಅವರ ಮದುವೆಯಲ್ಲಿ ಲಾಡು ಕದ್ದ ತರಲೆ.

ಹೋದ ವರ್ಷ ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಪುಣ್ಯಾತ್ಮ ಅವರಿಗೆ ಉಗುರಿನಷ್ಟು ಪೆನ್‌ಡ್ರೈವ್ ಮಾರಿದ. ಹದಿನಾರು ಟಿಬಿ! ಅಷ್ಟು ಹಿಡಿಯುವ ಡಿಸ್ಕು ಅಂಗಡಿಯಲ್ಲಿ ಇಟ್ಟಿಗೆಯ ಹಾಗಿರುತ್ತದೆ.

“ಜಪಾನ್‌ನೋರು ಕಂಡುಹಿಡ್ದವ್ರಂತೆ ಕಣಪ್ಪಾ. ಅಣು ಒಳಗೇ ಬರೀತಾರಂತೆ,” ಎಂದರು ಭಾವ.

“ಅಣು ಒಳಗೆ ಬರೆಯೋರು ಬಸ್‌ಸ್ಟ್ಯಾಂಡಲ್ಲಿ ಕಡ್ಲೆಕಾಯಿ ಪಕ್ಕ ಯಾಕ್ ಮಾರ್ತಾರೆ ಭಾವ?”

“ನಿನ್ ಡಿಸ್ಕ್ ಯಾರೂ ತಗೊಳಲ್ಲ ಅಂತ ಹೊಟ್ಟೆಕಿಚ್ಚು. ಸುಮ್ನಿರು.”

ಆ ಮನೆಗೆ ಹೊಸದೇನೇ ಬಂದರೂ, ಮಿಕ್ಸಿಯಿರಲಿ ಮೋಟರಿರಲಿ, ದೇವರ ಮುಂದಿಟ್ಟು ವಿಭೂತಿ ಹಚ್ಚುತ್ತಾರೆ. ಪೆನ್‌ಡ್ರೈವಿಗೂ ಮೂರು ಬೆರಳಿನ ವಿಭೂತಿ ಬಿತ್ತು. ಪಾಪ, ಅದರ ಮೈಯಲ್ಲಿ ಒಂದು ಬೆರಳಿಗೂ ಜಾಗವಿರಲಿಲ್ಲ. ಆಮೇಲೆ ಭಾವ ಮದುವೆ, ಗೃಹಪ್ರವೇಶದ ವಿಡಿಯೊಗಳನ್ನೆಲ್ಲ ಅದಕ್ಕೆ ತುಂಬಿದರು. ಕೊನೆಯಲ್ಲಿ ತಮ್ಮ ತಾಯಿಯ ಹಾಡುಗಳು. ಸೋಬಾನೆಗೆ ಹೆಸರಾದ ಆ ಅಜ್ಜಿಯ ಪಕ್ಕ ಕೂತು ಎರಡು ವರ್ಷ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು, ಬೇರೆಲ್ಲೂ ಇಲ್ಲದ್ದು.

ಇಂಥ ಡ್ರೈವುಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಅವು ಹಿಡಿಯುವುದು ಚೂರೇ ಚೂರು. ಅಷ್ಟು ತುಂಬಿದ ಮೇಲೆ ಫೈಲಿನ ಹೆಸರು ಮಾತ್ರ ಬರೆದುಕೊಂಡು ಒಳಗಿನದನ್ನು ಎಸೆದುಬಿಡುತ್ತವೆ. ಫೋನಿನಿಂದ ಅಳಿಸಬೇಡಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಭಾವ ಬೇಸ್ತು ಬೀಳುವುದನ್ನು ಕಣ್ಣಾರೆ ನೋಡುವ ಚಪಲ ನನಗೆ. ಕಾಫಿ ಹೀರುತ್ತಾ ಕೂತೆ.

ತಿಂಗಳ ಮೇಲೆ ಭಾವ ಅಂಗಡಿಗೆ ಬಂದರು. ಹಾಡುಗಳ ಹೆಸರೆಲ್ಲ ಕಾಣುತ್ತಿತ್ತು, ಒಂದೂ ತೆರೆಯಲಿಲ್ಲ.

“ವಿಭೂತಿ ಒಳಿಕ್ ಹೋಗಿರ್ಬೇಕು. ಒಸಿ ಕ್ಲೀನ್ ಮಾಡು,” ಎಂದರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ಫೋನಲ್ಲಿ ಇದಾವಲ್ಲ?”

“ಜಾಗ ಇರ್ಲಿಲ್ಲ ಅಂತ ಅವತ್ತೇ ಅಳಿಸ್ಬಿಟ್ಟೆ.”

ಅವರ ಕೈಯಿಂದ ಫೋನು ಕಿತ್ತುಕೊಂಡೆ. ಗೊತ್ತಿದ್ದ ವಿದ್ಯೆಯನ್ನೆಲ್ಲ ಫೋನಿನ ಮೇಲೆ, ಡ್ರೈವಿನ ಮೇಲೆ ಪ್ರಯೋಗಿಸಿದೆ. ಒಂದು ಸಾಲೂ ಸಿಗಲಿಲ್ಲ.

ಭಾನುವಾರ ಗುಬ್ಬಿಗೆ ಹೋದೆ. ಹಾಡು ಕಳೆದುಹೋದದ್ದನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಇನ್ನೊಂದ್ ಸಲ ಹಾಡಿ ಎಂದು ಫೋನು ಹಿಡಿದು, ಫೈಲಿನ ಹೆಸರುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಬೀಗರನ್ನು ಜರಿಯುವ ಹಾಡನ್ನಂತೂ ನನ್ನ ಮುಖ ನೋಡಿಕೊಂಡೇ ಹೇಳಿ, ನಮ್ಮ ಮನೆತನದವರೆಲ್ಲ ಹೊಟ್ಟೆಬಾಕರೆಂದು ಇನ್ನೊಂದು ಸಲ ಸಾರಿದರು. ಮನೆಯವರೆಲ್ಲ ನಕ್ಕರು. ನನಗೂ ಜೀವ ಬಂದಂತಾಯಿತು.

“ತೊಟ್ಟಿಲ ಹಾಡು,” ಎಂದು ಮುಂದಿನ ಹೆಸರು ಓದಿದೆ.

ಅಜ್ಜಿ ಬಾಯಿ ತೆರೆದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ಅದು ನಮ್ಮವ್ವ ಹೇಳ್ಕೊಟ್ಟಿದ್ದು. ಬಾಯಿಗೇ ಬತ್ತಿಲ್ಲ ಕಣಪ್ಪಾ,” ಎಂದವರು ನನ್ನ ಕಡೆ ತಿರುಗಿದರು. “ರೆಕಾಡ್ ಮಾಡ್ಕಂಡಿದ್ರಲ್ಲ, ಅದನ್ನ ಒಸಿ ಹಾಕು. ಕೇಳಿಸ್ಕಂಡು ಹೇಳ್ತೀನಿ.”