ಲಾಡಸಾಬನ ಹಡಗು

ನರೇಗಲ್ ಸಂತೆಯಲ್ಲಿ ಗಾದಿ ಮಾರುವ ಮೆಣಸಗಿಯ ಲಾಡಸಾಬ ಸಮುದ್ರ ಕಂಡವನಲ್ಲ. ಆದರೂ ಗಿರಾಕಿಗಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಪರದೇಶದ ಪುಟ್ಟ ಹಡಗುಗಳನ್ನು ತೋರಿಸುತ್ತಾನೆ. ಅವುಗಳಲ್ಲಿ ಅಡುಗೆಮನೆಯುಂಟು, ಮಲಗುವ ಕೋಣೆಯುಂಟು. ವೇಗ ಮಾತ್ರ ಎತ್ತಿನ ಗಾಡಿಯದು. "ಇದು ಓಡಂಗಿಲ್ರಿ, ದೊಡ್ಡ ಹಡಗಿನಂಗ ಗತ್ತಿಲೆ ನಡೀತೈತಿ" ಎನ್ನುತ್ತಾನೆ. "ಈ ಎರಿ ಹೊಲದಾಗ ಎಲ್ಲಿ ತೇಲಸ್ತೀಯೋ?" ಎಂದು ಅಬ್ಬಿಗೇರಿಯ ಈಶಪ್ಪ ಛೇಡಿಸಿದರೆ, "ಮೊದಲ ಅದಕ್ಕೊಂದು ಗಾದಿ ಹೊಲೀತೀನ್ರಿ" ಎಂದು ನಗುತ್ತಾನೆ. ಹೆಂಡತಿ ಕಮರುನ್ನಿಸಾ ನಗುವುದಿಲ್ಲ. ಹಿಂದೊಮ್ಮೆ ಮಲಪ್ರಭೆ ಉಕ್ಕಿ ಮೆಣಸಗಿಯೊಳಗೆ ನುಗ್ಗಿದ ದಿನ, ಜನರನ್ನು ಪಾರುಮಾಡಲು ಸರ್ರನೆ ಬಂದ ದೋಣಿಯಲ್ಲಿ ಮನೆಮಂದಿಗೆಲ್ಲ ಜಾಗವಿತ್ತು, ಅವರ ಎಮ್ಮೆಗೆ ಇರಲಿಲ್ಲ. ಈಗ ಹೊಸ ಎಮ್ಮೆ ಈದಿದೆ, ಹೊಳೆ ಮತ್ತೆ ಏರುತ್ತಿದೆ. "ನೋಡ, ಈ ಹಡಗಿನ ಹಿಂದ ಎಮ್ಮಿ ಆರಾಮ ನಿಲ್ತೈತಿ" ಎಂದು ಅವನು ತೋರಿಸಿದಾಗ ಆಕೆ ಮೆಲ್ಲಗೆ ಕೇಳಿದಳು: "ಕರಾನೂ ನಿಲ್ತೈತೇನ್ರಿ?"